ಪೊಲೀಸರು ಯಾರ ಕೈಕೆಳಗೆ?

ದೊಡ್ಡ ಕೊಲೆ, ದೊಡ್ಡ ಮೋಸದ ಸುದ್ದಿ ಟಿ.ವಿ.ಯಲ್ಲಿ ಬಂದರೆ ಒಂದು ಮಾತು ಕೇಳಿಸುತ್ತದೆ. "ಕೇಸನ್ನ ಸಿಬಿಐಗೆ ಕೊಡಿ" ಅಂತ. ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಕೇಳಿದರು: "ಮೇಡಂ, ನಮ್ಮ ಸ್ಟೇಷನ್ ಪೊಲೀಸರು ಬೇರೆ, ಡೆಲ್ಲಿ ಪೊಲೀಸರು ಬೇರೆನಾ? ಯಾರು ದೊಡ್ಡೋರು?"

ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ಒಂದು ಹಳೆಯ ಘಟನೆ ನೆನೆಸಿಕೊಳ್ಳೋಣ. ನಿಮ್ಮಲ್ಲಿ ಕೆಲವರಿಗೆ ಅದು ಚೆನ್ನಾಗಿ ನೆನಪಿರಬಹುದು.

2000ನೇ ಇಸವಿ, ಜುಲೈ 30. ಭಾನುವಾರ ರಾತ್ರಿ. ನಟ ರಾಜಕುಮಾರ್ ಗಾಜನೂರಿನ ತಮ್ಮ ತೋಟದ ಮನೆಯಲ್ಲಿದ್ದರು. ಕಾಡುಗಳ್ಳ ವೀರಪ್ಪನ್ ತನ್ನ ಗುಂಪಿನ ಜೊತೆ ಮನೆಗೆ ನುಗ್ಗಿದ. ರಾಜಕುಮಾರ್ ಅವರನ್ನೂ ಜೊತೆಗಿದ್ದ ಇನ್ನೂ ಮೂವರನ್ನೂ ಕಾಡಿಗೆ ಕರೆದುಕೊಂಡು ಹೋದ. ಹೋಗುವಾಗ ಅವರ ಹೆಂಡತಿ ಪಾರ್ವತಮ್ಮನವರ ಕೈಗೆ ಒಂದು ಕ್ಯಾಸೆಟ್ ಕೊಟ್ಟ. ಅದನ್ನು ಮುಖ್ಯಮಂತ್ರಿಗೆ ಮುಟ್ಟಿಸಬೇಕು ಎಂದ.

ಆ ತಾಯಿ ಅಳುತ್ತಾ ಕೂರಲಿಲ್ಲ. ರಾತ್ರೋರಾತ್ರಿ ಬೆಂಗಳೂರಿಗೆ ಹೊರಟರು. ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರ ಮನೆ ಬಾಗಿಲಿಗೇ ಹೋದರು.

ಕ್ಯಾಸೆಟ್ಟು ಡೆಲ್ಲಿಗೆ ಹೋಗಲಿಲ್ಲ, ಮುಖ್ಯಮಂತ್ರಿಗೇ ಬಂತು. ಯಾಕೆ? ಪೊಲೀಸರು ರಾಜ್ಯ ಸರ್ಕಾರದ ಕೈಕೆಳಗೆ ಇರುತ್ತಾರೆ. ಅದು ವೀರಪ್ಪನ್‌ಗೂ ಗೊತ್ತಿತ್ತು!

ದೊಡ್ಡ ಮನೆಯಲ್ಲಿ ಒಬ್ಬರು ಅಡುಗೆ, ಒಬ್ಬರು ಹೊಲ, ಒಬ್ಬರು ದನಕರು ಎಂದು ಕೆಲಸ ಹಂಚಿಕೊಳ್ಳುತ್ತಾರಲ್ಲ, ನಮ್ಮ ಸಂವಿಧಾನವೂ ಹಾಗೆ ಮಾಡಿದೆ. 1950ರಿಂದ ಅದು ಜಾರಿಯಲ್ಲಿದೆ. ಸೈನ್ಯ, ರೈಲು ಕೇಂದ್ರ ಸರ್ಕಾರದ ಪಾಲಿಗೆ. ಪೊಲೀಸು ರಾಜ್ಯ ಸರ್ಕಾರದ ಪಾಲಿಗೆ. ನಮ್ಮೂರಿನ ಕಾನ್‌ಸ್ಟೇಬಲ್‌ನಿಂದ ಹಿಡಿದು ಜಿಲ್ಲೆಯ ಎಸ್.ಪಿ. ತನಕ, ಅವರ ಮೇಲಿನ ಡಿಜಿಪಿ ತನಕ, ಎಲ್ಲರೂ ರಾಜ್ಯದ ಪೊಲೀಸರು. ಅವರ ಮೇಲೆ ರಾಜ್ಯದ ಗೃಹ ಮಂತ್ರಿ, ಮುಖ್ಯಮಂತ್ರಿ. ಅಂದರೆ ವಿಧಾನಸಭೆ ಚುನಾವಣೆಯಲ್ಲಿ ನೀವು ಹಾಕುವ ವೋಟು ಪೊಲೀಸ್ ಠಾಣೆಯವರೆಗೂ ಮುಟ್ಟುತ್ತದೆ.

ಹಾಗಾದರೆ ಕೇಂದ್ರಕ್ಕೆ ಪೊಲೀಸರೇ ಇಲ್ಲವೇ? ಇದ್ದಾರೆ. ಚುನಾವಣೆ ಸಮಯದಲ್ಲಿ ಹಿಂದಿ ಮಾತಾಡುವ ಜವಾನರು ಬಂದೂಕು ಹಿಡಿದು ಬರೋದನ್ನ ನೀವು ನೋಡಿರಬಹುದು. ಅವರು ಕೇಂದ್ರದ ಪಡೆಯವರು. ಗಲಾಟೆ ಆದಾಗ ರಾಜ್ಯ ಕೇಳಿದರೆ ಅವರು ನೆರವಿಗೆ ಬರುತ್ತಾರೆ. ಸಿಬಿಐ ಕೂಡ ಕೇಂದ್ರದ್ದೇ. ಅದಕ್ಕೆ ಆ ಹೆಸರು ಬಂದದ್ದು 1963ರಲ್ಲಿ. ಆದರೆ ರಾಜ್ಯದ ಒಪ್ಪಿಗೆ ಇಲ್ಲದೆ ಸಿಬಿಐ ತನ್ನಷ್ಟಕ್ಕೆ ತಾನೇ ಬಂದು ತನಿಖೆ ಮಾಡುವ ಹಾಗಿಲ್ಲ. ಮೊದಲು ಕರ್ನಾಟಕ ಒಟ್ಟಾರೆಯಾಗಿ ಒಪ್ಪಿಗೆ ಕೊಟ್ಟಿತ್ತು. 2024ರ ಸೆಪ್ಟೆಂಬರಿನಲ್ಲಿ ಅದನ್ನು ವಾಪಸು ತೆಗೆದುಕೊಂಡಿತು. ಹೈಕೋರ್ಟು, ಸುಪ್ರೀಂ ಕೋರ್ಟು ಹೇಳಿದರೆ ಮಾತ್ರ ರಾಜ್ಯದ ಒಪ್ಪಿಗೆ ಬೇಕಿಲ್ಲ.

ಮತ್ತೆ ಗಾಜನೂರಿಗೆ ಬರೋಣ. ಅಲ್ಲಿ ಒಂದು ತೊಡಕಿತ್ತು. ಗಾಜನೂರು ನಮ್ಮ ಚಾಮರಾಜನಗರಕ್ಕೆ ಹತ್ತಿರ. ಅಲ್ಲಿ ಕನ್ನಡ ಮಾತಾಡುತ್ತಾರೆ. ಆದರೆ ಊರು ಸೇರಿದ್ದು ತಮಿಳುನಾಡಿಗೆ. ಹಾಗಾಗಿ ಕೃಷ್ಣ ಅವರು ಚೆನ್ನೈಗೆ ಹೋಗಿ ಅಲ್ಲಿನ ಮುಖ್ಯಮಂತ್ರಿ ಕರುಣಾನಿಧಿ ಅವರ ಜೊತೆ ಕೂತು ಮಾತಾಡಬೇಕಾಯಿತು. ಕಾಡಿಗೆ ಪೊಲೀಸರನ್ನು ನುಗ್ಗಿಸೋದೋ, ಮಾತುಕತೆಗೆ ಜನ ಕಳಿಸೋದೋ? ಅದು ಅಧಿಕಾರಿಗಳು ತೀರ್ಮಾನ ಮಾಡುವ ವಿಷಯವಲ್ಲ, ಸರ್ಕಾರ ನಡೆಸುವವರೇ ಮಾಡಬೇಕು. ಅವರು ಮಾತುಕತೆಯ ದಾರಿ ಹಿಡಿದರು.

ವೀರಪ್ಪನ್ ಹಲವು ಬೇಡಿಕೆ ಇಟ್ಟ. ಅವನ ಗುಂಪಿಗೆ ನೆರವಾದರು ಎಂಬ ಆರೋಪದ ಮೇಲೆ ಮೈಸೂರು ಜೈಲಿನಲ್ಲಿದ್ದವರನ್ನು ಬಿಡಬೇಕು ಎನ್ನುವುದೂ ಅದರಲ್ಲಿ ಒಂದು. ಕರ್ನಾಟಕ ಸರ್ಕಾರ ಅವರ ಮೇಲಿನ ಟಾಡಾ ಕೇಸು ಕೈಬಿಡಲು ಹೊರಟಿತು. ರಾಜಕುಮಾರ್ ಜೀವ ಉಳಿಯಲಿ ಎಂದು ನಾಡೇ ಹರಕೆ ಹೊತ್ತಿದ್ದ ಕಾಲ ಅದು. ಬೇಡ ಅನ್ನೋರು ಯಾರು?

ಒಬ್ಬರು ಬೇಡ ಅಂದರು. ಅಬ್ದುಲ್ ಕರೀಂ ಅಂತ, ನಿವೃತ್ತ ಪೊಲೀಸ್ ಅಧಿಕಾರಿ. ಅವರ ಮಗ ಶಕೀಲ್ ಅಹ್ಮದ್ ಸಬ್ ಇನ್‌ಸ್ಪೆಕ್ಟರ್ ಆಗಿದ್ದರು. 1992ರಲ್ಲಿ ವೀರಪ್ಪನ್ ಗುಂಪು ಶಕೀಲ್ ಅವರನ್ನು ಕೊಂದಿತ್ತು. ಈ ಮುದಿ ತಂದೆ ಸುಪ್ರೀಂ ಕೋರ್ಟಿಗೆ ಹೋದರು. 2000ದ ನವೆಂಬರ್ 7ರಂದು ಕೋರ್ಟು ಅವರ ಮಾತನ್ನು ಎತ್ತಿ ಹಿಡಿಯಿತು. ಆ ಕೈದಿಗಳ ಬಿಡುಗಡೆ ನಿಂತಿತು. ಮುಖ್ಯಮಂತ್ರಿ ದೊಡ್ಡವರು ನಿಜ. ಆದರೆ ಮಗನನ್ನು ಕಳಕೊಂಡ ಒಬ್ಬ ಅಪ್ಪ ಕಾನೂನು ಹಿಡಿದು ನಿಂತರೆ ಸರ್ಕಾರದ ತೀರ್ಮಾನವೂ ನಿಲ್ಲುತ್ತದೆ. ರಾಜಕುಮಾರ್ ನವೆಂಬರ್ 15ರಂದು ಬಿಡುಗಡೆಯಾಗಿ ಬಂದರು. 108 ದಿನ ಕಾಡಿನಲ್ಲಿದ್ದರು. ವೀರಪ್ಪನ್ 2004ರಲ್ಲಿ ತಮಿಳುನಾಡಿನ ವಿಶೇಷ ಪಡೆಯ ಗುಂಡಿಗೆ ಸತ್ತ.

ಈ ಕಥೆಗೆ ಇನ್ನೊಂದು ಮುಖವೂ ಇದೆ. ಅದನ್ನು ಬಿಟ್ಟರೆ ತಪ್ಪಾಗುತ್ತದೆ. ವೀರಪ್ಪನ್ ಹುಡುಕಾಟದ ಹೆಸರಿನಲ್ಲಿ ಕಾಡಂಚಿನ ಬಡವರಿಗೆ ಪೊಲೀಸರೇ ಹಿಂಸೆ ಕೊಟ್ಟರು ಎಂದು ದೂರು ಬಂತು. ಹೆಂಗಸರೂ ದೂರು ಕೊಟ್ಟರು. ಕೊಡೋದಕ್ಕೆ ಎಷ್ಟು ಧೈರ್ಯ ಬೇಕು, ಯೋಚನೆ ಮಾಡಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ವಿಚಾರಣೆಗೆ ಒಂದು ಸಮಿತಿ ಮಾಡಿತು. 2007ರಲ್ಲಿ 89 ಮಂದಿಗೆ ಪರಿಹಾರ ಕೊಡಿ ಎಂದು ಹೇಳಿತು. ತಡವಾಯಿತು. ತುಂಬಾ ತಡವಾಯಿತು. ಆದರೂ ರಾಜ್ಯದ ಪೊಲೀಸರು ತಪ್ಪಿದರೆ ಕೇಳುವವರು ಇದ್ದಾರೆ ಅಂತ ಆಯಿತು.

"ಸರಿ ಮೇಡಂ, ಅದು ದೊಡ್ಡವರ ವಿಷಯ. ನಾವು ಸ್ಟೇಷನ್ನಿಗೆ ಹೋದರೆ 'ಇದು ನಮ್ಮ ಸರಹದ್ದಲ್ಲ, ಆ ಠಾಣೆಗೆ ಹೋಗು' ಅಂತಾರಲ್ಲ?" ಅಂದರು ಅದೇ ಅಕ್ಕ.

ಸರಹದ್ದಿನ ಚಿಂತೆ ಪೊಲೀಸರದ್ದು, ನಿಮ್ಮದಲ್ಲ. ಅಂದು ಪಾರ್ವತಮ್ಮನವರು 'ಗಾಜನೂರು ಯಾವ ರಾಜ್ಯದ್ದು' ಎಂದು ಯೋಚಿಸುತ್ತಾ ನಿಂತರೇ? 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. ಬಸ್ಸಿನಲ್ಲಿ ಸರ ಕಿತ್ತುಕೊಂಡು ಹೋದರೂ ಸರಿ, ಬೇರೆ ರಾಜ್ಯದಲ್ಲಿ ಗಂಡನ ಮನೆಯವರು ಹೊಡೆದು ಓಡಿಸಿದರೂ ಸರಿ. ಹತ್ತಿರದ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಅವರು ಬರೆದುಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಇದಕ್ಕೆ ಜೀರೋ ಎಫ್.ಐ.ಆರ್. ಎನ್ನುತ್ತಾರೆ. ಮಾನಭಂಗದಂಥ ದೂರನ್ನು ಹೆಂಗಸರೇ ಆದ ಅಧಿಕಾರಿ ಬರೆದುಕೊಳ್ಳಬೇಕು. ಠಾಣೆಯವರು ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಬರೆದು ಜಿಲ್ಲಾ ಎಸ್.ಪಿ.ಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬಹುದು. ಜೀವಕ್ಕೆ ಅಪಾಯ ಅನ್ನಿಸಿದರೆ ಮೊದಲು ಫೋನಿನಲ್ಲಿ 112 ಒತ್ತಿ.

ನೀವು ಬಾಯಲ್ಲಿ ಹೇಳಿದ ದೂರನ್ನು ಅವರು ಬರೆದು ನಿಮಗೆ ಓದಿ ಹೇಳಬೇಕು. ಈಗ ನೀವೇ ಓದುತ್ತೀರಿ. ಇಸಕೊಂಡು ಓದಿ. ನೀವು ಹೇಳಿದ್ದೇ ಇದೆಯಾ, ತಾರೀಖು ಸರಿ ಇದೆಯಾ ನೋಡಿ. ಆಮೇಲೆ ಸಹಿ ಹಾಕಿ. ಎಫ್.ಐ.ಆರ್. ಪ್ರತಿಯನ್ನು ಕೇಳಿ ತೆಗೆದುಕೊಳ್ಳಿ. ಅದಕ್ಕೆ ಒಂದು ಪೈಸೆಯೂ ಕೊಡಬೇಕಾಗಿಲ್ಲ.