ಟೇಕಾಫ್ ಎಂಬ ಮಾತು

ನಮ್ಮ ಮನೆ ಸ್ಯಾನ್ ಹೋಸೆ ಏರ್‌ಪೋರ್ಟಿನ ಹತ್ತಿರ. ಹೋದ ಚಳಿಗಾಲದಲ್ಲಿ ಒಂದು ಸ್ಕ್ಯಾನರ್ ರೇಡಿಯೋ ಕೊಂಡೆ. ಮೊದಮೊದಲು ಒಂದಕ್ಷರವೂ ತಿಳಿಯಲಿಲ್ಲ (ಎಂಜಿನಿಯರಿಂಗ್ ಓದಿದ್ದು ದಂಡ!). ನಿಧಾನಕ್ಕೆ ಗೊತ್ತಾಯಿತು: ‘ತ್ರೀ ಜೀರೋ ಲೆಫ್ಟ್’ ಅಂದರೆ ಸುಮಾರು 300 ಡಿಗ್ರಿ ದಿಕ್ಕಿಗಿರುವ ಎಡಗಡೆಯ ರನ್‌ವೇ. ಸಾಲಿನಲ್ಲಿ ಕಾಯುವವರಿಗೆಲ್ಲ ‘ಡಿಪಾರ್ಚರ್’ ಎಂದೇ ಹೇಳುತ್ತಾರೆ. ‘ಟೇಕಾಫ್’ ಎನ್ನುವುದು ಅನುಮತಿ ಕೊಡುವಾಗ ಅಥವಾ ಹಿಂತೆಗೆದುಕೊಳ್ಳುವಾಗ ಮಾತ್ರ.

ಯಾಕೆಂದು ಹುಡುಕಿದೆ. 1977ರ ಮಾರ್ಚ್ 27, ಟೆನೆರೀಫ್, ದಟ್ಟ ಮಂಜು. ಕಂಟ್ರೋಲರ್ ‘ಓಕೆ’ ಎಂದದ್ದು ಕೆಎಲ್‌ಎಂ ವಿಮಾನಕ್ಕೆ ಕೇಳಿಸಿತು. ‘ಟೇಕಾಫಿಗೆ ಕಾಯಿರಿ’ ಎಂದದ್ದು ಪ್ಯಾನ್ ಆಮ್ ವಿಮಾನದ ಮಾತಿನೊಡನೆ ಬೆರೆತು ಕೀರಲು ಶಬ್ದವಾಯಿತು. ಅನುಮತಿಯಿಲ್ಲದೆ ಓಡಿದ ವಿಮಾನ ಎದುರಿನದಕ್ಕೆ ಬಡಿದು 583 ಜನ ಸತ್ತರು.

ಮೊನ್ನೆ ಅಪ್ಪ-ಅಮ್ಮ ಊರಿಗೆ ಹೊರಟ ದಿನ ರೇಡಿಯೋ ಹಚ್ಚಿ ಕೂತಿದ್ದೆ. ‘ಕ್ಲಿಯರ್ಡ್ ಫಾರ್ ಟೇಕಾಫ್.’ ಪೈಲಟ್ ಅದನ್ನೇ ತಿರುಗಿ ಒಪ್ಪಿಸಿದ. ಆಮೇಲೆಯೇ ನಾನು ಉಸಿರು ಬಿಟ್ಟಿದ್ದು.