ಕಿವಿಯ ಮುಂದೆ ನೋವು, ಬಾಯಿ ತೆರೆದರೆ 'ಟಕ್' ಸದ್ದು: ದವಡೆ ಕೀಲಿನ ತೊಂದರೆಗೆ ಚಿಕಿತ್ಸೆ ಏನು?

ಕಿವಿ ನೋವೆಂದು ಕಿವಿ ವೈದ್ಯರ ಬಳಿ ಹೋಗುತ್ತೀರಿ, ಕಿವಿಯಲ್ಲಿ ಏನೂ ಇಲ್ಲ ಎನ್ನುತ್ತಾರೆ. ಹಲ್ಲುನೋವಿರಬಹುದೆಂದು ದಂತವೈದ್ಯರಿಗೆ ತೋರಿಸಿದರೆ ಎಕ್ಸ್‌-ರೇಯಲ್ಲಿ ಹುಳುಕು ಕಾಣುವುದಿಲ್ಲ. ಮಾತ್ರೆ ನುಂಗಿದರೆ ಆ ಹೊತ್ತಿಗೆ ಕಡಿಮೆ, ಮರುದಿನ ಬೆಳಿಗ್ಗೆ ಮತ್ತೆ ಅದೇ ನೋವು. ಹೀಗೆ ಅಲೆಯುವವರಲ್ಲಿ ಅನೇಕರಿಗೆ ತೊಂದರೆ ಇರುವುದು ದವಡೆಯ ಕೀಲಿನಲ್ಲಿ, ಅಥವಾ ಅದನ್ನು ಆಡಿಸುವ ಸ್ನಾಯುಗಳಲ್ಲಿ.

ಎರಡೂ ಕಿವಿಗಳ ಮುಂದೆ ಬೆರಳಿಟ್ಟು ನಿಧಾನವಾಗಿ ಬಾಯಿ ತೆರೆದು ಮುಚ್ಚಿ. ಬೆರಳಿನಡಿ ಮೂಳೆಯೊಂದು ಜಾರುವುದು ತಿಳಿಯುತ್ತದೆ. ಕೆಳದವಡೆ ತಲೆಬುರುಡೆಗೆ ಸೇರುವ ಜಾಗ ಇದು. ಎರಡು ಮೂಳೆಗಳ ನಡುವೆ ಮೆತ್ತೆಯಂತೆ ತೆಳುವಾದ ಬಿಲ್ಲೆಯೊಂದಿದೆ. ಈ ಕೀಲು ಬಾಗಿಲಿನಂತೆ ತಿರುಗುವುದಷ್ಟೇ ಅಲ್ಲ, ಬಾಯಿ ಅಗಲವಾದಂತೆ ಮುಂದಕ್ಕೂ ಜಾರುತ್ತದೆ. ಡಾಕ್ಟರುಗಳು ಇದನ್ನು ಟಿಎಂಜೆ ಎನ್ನುತ್ತಾರೆ. ಮುಂಬೈಯಲ್ಲಾಗಲಿ ಚೆನ್ನೈಯಲ್ಲಾಗಲಿ, ಭಾಷೆ ಬಾರದ ಕ್ಲಿನಿಕ್ಕಿನಲ್ಲಿ ಈ ಹೆಸರು ಹೇಳಿ ನೋವಿನ ಜಾಗವನ್ನು ಬೆರಳಿಟ್ಟು ತೋರಿಸಿದರೆ ಅರ್ಧ ಕೆಲಸ ಆದಂತೆ.

ಲಕ್ಷಣಗಳು ಎಲ್ಲರಲ್ಲೂ ಒಂದೇ ರೀತಿ ಇರುವುದಿಲ್ಲ. ಸಾಮಾನ್ಯವಾಗಿ ಕೆನ್ನೆ, ಕಿವಿಯ ಮುಂಭಾಗ ಮತ್ತು ಹಣೆಯ ಪಕ್ಕದಲ್ಲಿ ಮಂದವಾದ ನೋವಿದ್ದು, ಅಗಿಯುವಾಗ, ಆಕಳಿಸುವಾಗ ಹೆಚ್ಚುತ್ತದೆ. ಬೆಳಿಗ್ಗೆ ಏಳುವಾಗ ದವಡೆ ಬಿಗಿದಂತಿದ್ದರೆ ನಿದ್ದೆಯಲ್ಲಿ ಹಲ್ಲು ಕಡಿಯುತ್ತಿರಬಹುದು. ಪಕ್ಕದಲ್ಲಿ ಮಲಗುವವರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ಕೆಲವರಿಗೆ ಬಾಯಿ ಪೂರ್ತಿ ತೆರೆಯಲು ಆಗುವುದಿಲ್ಲ, ಅಥವಾ ತೆರೆಯುವಾಗ ದವಡೆ ಒಂದು ಪಕ್ಕಕ್ಕೆ ವಾಲುತ್ತದೆ. ಇಪ್ಪತ್ತರಿಂದ ನಲವತ್ತರ ವಯಸ್ಸಿನಲ್ಲಿ ಇದು ಹೆಚ್ಚು, ಅದರಲ್ಲೂ ಮಹಿಳೆಯರಲ್ಲಿ.

ಇನ್ನು ಆ 'ಟಕ್' ಸದ್ದು. ತುಸು ಮುಂದೆ ಸರಿದ ಬಿಲ್ಲೆ ಬಾಯಿ ತೆರೆದಾಗ ಮತ್ತೆ ಜಾಗಕ್ಕೆ ಬಂದು ಕೂರುವ ಶಬ್ದ ಅದು. ನೋವಿಲ್ಲದೆ, ಬಾಯಿ ಸರಾಗವಾಗಿ ತೆರೆಯುತ್ತಿದ್ದರೆ ಬರೀ ಸದ್ದಿಗೆ ಚಿಕಿತ್ಸೆ ಬೇಕಿಲ್ಲ. ಸದ್ದು ಇದ್ದಕ್ಕಿದ್ದಂತೆ ನಿಂತು, ಜೊತೆಗೇ ಬಾಯಿ ತೆರೆಯುವುದು ಕಡಿಮೆಯಾದರೆ ಮಾತ್ರ ತಡಮಾಡಬೇಡಿ. ಬಿಲ್ಲೆ ಸಿಕ್ಕಿಹಾಕಿಕೊಂಡಿರಬಹುದು.

ಕೀಲಿನದ್ದಲ್ಲದ ದವಡೆ ನೋವು

ನಡೆಯುವಾಗ, ಮೆಟ್ಟಿಲು ಹತ್ತುವಾಗ ಕೆಳದವಡೆ ನೋಯುತ್ತಿದ್ದರೆ, ಎದೆ ಬಿಗಿತ, ಬೆವರು, ಉಸಿರಾಟದ ಕಷ್ಟ ಜೊತೆಗಿದ್ದರೆ ಅದು ಹೃದಯದ ಸೂಚನೆ ಇರಬಹುದು. ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಐವತ್ತು ದಾಟಿದವರಿಗೆ ಅಗಿಯುತ್ತಾ ಅಗಿಯುತ್ತಾ ದವಡೆ ಸೋತು ನೋವು ಬಂದರೆ, ತಲೆ ಬಾಚುವಾಗ ನೆತ್ತಿ ನೋಯುತ್ತಿದ್ದರೆ, ಕಣ್ಣು ಮಂಜಾದರೆ, ರಕ್ತನಾಳದ ಉರಿಯೂತದ ಕಾಯಿಲೆ ಇರಬಹುದು. ತಡವಾದರೆ ದೃಷ್ಟಿಯೇ ಹೋದೀತು.

ನಮ್ಮ ದೇಶದಲ್ಲಿ ಇನ್ನೊಂದನ್ನು ಹೇಳಲೇಬೇಕು. ಗುಟ್ಕಾ, ಅಡಿಕೆ, ಮಾವಾ ಜಗಿಯುವವರ ಬಾಯಿ ವರ್ಷಗಳಲ್ಲಿ ನಿಧಾನವಾಗಿ ಕಿರಿದಾಗುತ್ತದೆ, ಖಾರ ತಿಂದರೆ ಉರಿಯುತ್ತದೆ, ಕೆನ್ನೆಯ ಒಳಭಾಗ ಬಿಳಿಚಿ ಗಟ್ಟಿಯಾಗುತ್ತದೆ. ಅದು ಕೀಲಿನ ತೊಂದರೆಯಲ್ಲ, ಸಬ್‌ಮ್ಯೂಕಸ್ ಫೈಬ್ರೋಸಿಸ್. ಮುಂದೆ ಬಾಯಿಯ ಕ್ಯಾನ್ಸರ್ ಆಗುವ ಅಪಾಯ ಅದರಲ್ಲಿದೆ. ನಿಮ್ಮ ತೋರು, ನಡು, ಉಂಗುರ ಬೆರಳುಗಳನ್ನು ಒಂದರ ಮೇಲೊಂದಿಟ್ಟು ಮುಂದಿನ ಹಲ್ಲುಗಳ ನಡುವೆ ಹಿಡಿಸಿ ನೋಡಿ. ಸಾಮಾನ್ಯವಾಗಿ ಮೂರೂ ಹಿಡಿಸಬೇಕು. ಎರಡೇ ಹಿಡಿಸಿದರೆ, ಕಾರಣ ಯಾವುದೇ ಇರಲಿ, ವೈದ್ಯರಿಗೆ ತೋರಿಸಿ.

ದಂತವೈದ್ಯರು ಏನು ಮಾಡುತ್ತಾರೆ?

ಮೊದಲು ಕೈಯಿಂದಲೇ ಪರೀಕ್ಷೆ: ಕೀಲು ಮತ್ತು ಸ್ನಾಯುಗಳನ್ನು ಒತ್ತಿ ನೋಡುತ್ತಾರೆ, ಬಾಯಿ ಎಷ್ಟು ತೆರೆಯುತ್ತದೆಂದು ಅಳೆಯುತ್ತಾರೆ, ಹಲ್ಲು ಸವೆದಿದೆಯೇ ಎಂದು ಗಮನಿಸುತ್ತಾರೆ. ಹಲ್ಲು ಮತ್ತು ಮೂಳೆಯ ತೊಂದರೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಇಡೀ ದವಡೆಯ ಎಕ್ಸ್‌-ರೇ ತೆಗೆಸಬಹುದು. ಬಿಲ್ಲೆ ಕಾಣುವುದು ಎಂಆರ್‌ಐಯಲ್ಲಿ, ಆದರೆ ಅದು ಎಲ್ಲರಿಗೂ ಬೇಕಾಗುವುದಿಲ್ಲ.

ಬಹುಪಾಲು ಜನರಿಗೆ ಸರಳ ಆರೈಕೆಯಲ್ಲೇ ಗುಣ ಕಾಣುತ್ತದೆ. ದವಡೆಗೆ ವಿಶ್ರಾಂತಿ ಕೊಡುವುದೇ ಅದರ ತಿರುಳು. ಊಟ ಮಾಡುವಾಗ, ನುಂಗುವಾಗ ಬಿಟ್ಟರೆ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಬೇಕಿಲ್ಲ. ತುಟಿ ಮುಚ್ಚಿರಲಿ, ಹಲ್ಲುಗಳ ನಡುವೆ ಸಂದಿರಲಿ, ನಾಲಿಗೆಯ ತುದಿ ಮೇಲಿನ ಮುಂದಿನ ಹಲ್ಲುಗಳ ಹಿಂದೆ ಹಗುರವಾಗಿ ಕೂತಿರಲಿ. ಕಂಪ್ಯೂಟರ್ ಮುಂದೆಯೋ ಟ್ರಾಫಿಕ್ಕಿನಲ್ಲೋ ನಾವು ಹಲ್ಲು ಕಚ್ಚಿ ಕೂತಿರುವುದು ನಮಗೇ ಗೊತ್ತಿರುವುದಿಲ್ಲ. ಗಂಟೆಗೊಮ್ಮೆ ಗಮನಿಸಿ ಸಡಿಲಿಸಿ. ಕೆಲವು ವಾರ ಚಕ್ಕುಲಿ, ನಿಪ್ಪಟ್ಟು, ಕಬ್ಬು, ಚೂಯಿಂಗ್ ಗಮ್ ಬೇಡ. ಅಗಿಯದೆ ನುಂಗುವ ರಾಗಿಮುದ್ದೆ ಈ ದಿನಗಳಿಗೆ ಹೇಳಿ ಮಾಡಿಸಿದ ಊಟ. ಇಡ್ಲಿ, ಮೆತ್ತಗಿನ ಅನ್ನವೂ ಆದೀತು. ಆಕಳಿಕೆ ಬಂದರೆ ಗಲ್ಲದ ಕೆಳಗೆ ಮುಷ್ಟಿ ಒತ್ತಿ ಹಿಡಿಯಿರಿ. ನೋಯುವ ಕೆನ್ನೆಗೆ ದಿನಕ್ಕೆರಡು ಬಾರಿ ಹದಿನೈದು ನಿಮಿಷ ಬಿಸಿಬಟ್ಟೆಯ ಶಾಖ ಹಿತ ಕೊಡುತ್ತದೆ. ಐಬುಪ್ರೊಫೆನ್‌ನಂಥ ಮಾತ್ರೆಗಳನ್ನು ಕೆಲವೇ ದಿನ, ವೈದ್ಯರು ಹೇಳಿದಷ್ಟೇ ತೆಗೆದುಕೊಳ್ಳಿ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇರುವವರು ಮತ್ತು ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಕೇಳದೆ ಮುಟ್ಟಬಾರದು.

ರಾತ್ರಿ ಹಲ್ಲಿಗೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಕವಚ, ಅಂದರೆ ಸ್ಪ್ಲಿಂಟ್, ಹಲ್ಲು ಸವೆಯದಂತೆ ಕಾಪಾಡುತ್ತದೆ. ಕೆಲವರಿಗೆ ನೋವೂ ತಗ್ಗುತ್ತದೆ. ಆದರೆ ಅದೇ ಮದ್ದು ಎಂದು ನಂಬಿ ಕೂರಬೇಡಿ. ಮೂರು ತಿಂಗಳು ಮೀರಿದ ದೀರ್ಘಕಾಲದ ನೋವಿನ ಬಗ್ಗೆ ಬಿಎಂಜೆ ವೈದ್ಯಕೀಯ ಪತ್ರಿಕೆ 2023ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಮುಂದಿಟ್ಟಿದ್ದು ತಜ್ಞರ ನಿಗಾದಲ್ಲಿ ಮಾಡುವ ದವಡೆ ವ್ಯಾಯಾಮ, ಫಿಸಿಯೋಥೆರಪಿ ಮತ್ತು ನೋವಿನೊಡನೆ ಬದುಕುವ ರೀತಿ ಕಲಿಸುವ ಮನೋಚಿಕಿತ್ಸೆಯನ್ನು. ಮನೋಚಿಕಿತ್ಸೆ ಎಂದಾಕ್ಷಣ ನೋವು ಬರೀ ಭ್ರಮೆ ಎಂದಲ್ಲ. ಒತ್ತಡ ಹೆಚ್ಚಿದಾಗ ದವಡೆ ಬಿಗಿಯುತ್ತದೆ, ಅಷ್ಟೇ.

ಬಾಯಿ ತೆರೆದದ್ದು ಮುಚ್ಚಲಾಗದೆ ಸಿಕ್ಕಿಕೊಂಡರೆ ಮನೆಯವರು ತಳ್ಳಿ ಸರಿಮಾಡಲು ಹೋಗಬಾರದು. ಅಭ್ಯಾಸವಿರುವ ವೈದ್ಯರು ಕೆಳದವಡೆಯನ್ನು ಕೆಳಕ್ಕೊತ್ತಿ ಹಿಂದಕ್ಕೆ ಸರಿಸಿ ಕೂರಿಸುತ್ತಾರೆ.

ಹಲ್ಲು ಉಜ್ಜಿ ಮಟ್ಟಮಾಡಿದರೆ ಕೀಲು ಸರಿಹೋಗುತ್ತದೆ, ಎಲ್ಲ ಹಲ್ಲಿಗೂ ಕ್ಯಾಪ್ ಹಾಕಿಸಿ ಎಂಬ ಸಲಹೆ ಬಂದರೆ ಒಪ್ಪುವ ಮುನ್ನ ನಿಲ್ಲಿ. ಹಲ್ಲಿನ ಕಚ್ಚುವಿಕೆಯೇ ಕಾರಣವೆಂಬ ವಾದವನ್ನು 1934ರಲ್ಲಿ ಅಮೆರಿಕದ ಕಿವಿ ವೈದ್ಯ ಜೇಮ್ಸ್ ಕಾಸ್ಟನ್ ಮಂಡಿಸಿದ್ದರು. ನಂತರದ ಸಂಶೋಧನೆ ಅದನ್ನು ಎತ್ತಿಹಿಡಿಯಲಿಲ್ಲ, ಆದರೂ ಆ ನಂಬಿಕೆ ಪೂರ್ತಿ ಹೋಗಿಲ್ಲ. ಉಜ್ಜಿದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಕೀಲಿನ ಶಸ್ತ್ರಚಿಕಿತ್ಸೆ ಬೇಕಾಗುವವರೂ ಕೆಲವೇ ಮಂದಿ. ಇಂಥ ಸಲಹೆ ಬಂದಾಗ "ಇದನ್ನು ಆಮೇಲೆ ಮೊದಲಿನಂತೆ ಮಾಡಲು ಬರುತ್ತದೆಯೇ?" ಎಂದು ಕೇಳಿ. ಬರುವುದಿಲ್ಲ ಎಂದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ. ದೊಡ್ಡ ಊರುಗಳ ದಂತವೈದ್ಯಕೀಯ ಕಾಲೇಜುಗಳಲ್ಲಿ ಓರಲ್ ಮೆಡಿಸಿನ್ ವಿಭಾಗ ಇರುತ್ತದೆ. ಹಳೆಯ ಎಕ್ಸ್‌-ರೇ, ಔಷಧಿ ಚೀಟಿಗಳನ್ನೆಲ್ಲ ಹಿಡಿದುಕೊಂಡು ಅಲ್ಲಿಗೆ ಹೋಗಿ.