ಕರುಳಿನ ಗೋಡೆಯ ಲಿಪಿ

ಕೊಲೊನೋಸ್ಕೋಪಿ (ಕೊಳವೆ ಇಳಿಸಿ ದೊಡ್ಡ ಕರುಳಿನ ಒಳಗೋಡೆಯನ್ನು ನೋಡುವ ಪರೀಕ್ಷೆ) ಮಾಡಿಸಬೇಕಿರುವ ಓದುಗರೊಬ್ಬರು ಕೇಳಿದ್ದಾರೆ: ‘ಆಸ್ಪತ್ರೆಯೊಂದರ ಜಾಹೀರಾತಿನಲ್ಲಿ ಎನ್‌ಬಿಐ (ನ್ಯಾರೋ ಬ್ಯಾಂಡ್ ಇಮೇಜಿಂಗ್) ಸೌಲಭ್ಯವಿದೆ ಎಂದಿದೆ. ಅಲ್ಲಿಗೇ ಹೋಗಬೇಕೆ?’

ಈ ಪರೀಕ್ಷೆ ಹುಡುಕುವುದು ಕರುಳಿನ ಗೋಡೆಯ ಮೇಲಿನ ಗಂಟುಗಳನ್ನು, ಅಂದರೆ ಪಾಲಿಪ್‌ಗಳನ್ನು. ತೊಟ್ಟಿನ ಮೇಲೆ ಎದ್ದು ನಿಂತ ಪಾಲಿಪ್ ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ತಂತಿಯ ಕುಣಿಕೆ ಹಾಕಿ ಅದನ್ನು ತೆಗೆಯುವುದನ್ನು ನ್ಯೂಯಾರ್ಕಿನಲ್ಲಿ ಹಿರೋಮಿ ಶಿನ್ಯಾ ಮತ್ತು ವಿಲಿಯಂ ವೋಲ್ಫ್ 1969ರಲ್ಲೇ ಸಾಧಿಸಿದ್ದರು. ತೊಡಕಿರುವುದು ಚಪ್ಪಟೆಯಾಗಿ, ಕೆಲವೊಮ್ಮೆ ತಗ್ಗಾಗಿ ಬೆಳೆಯುವ ಅಡಿನೋಮಾಗಳಲ್ಲಿ, ಅಂದರೆ ಮುಂದೆ ಕ್ಯಾನ್ಸರ್ ಆಗಬಲ್ಲ ಗಂಟುಗಳಲ್ಲಿ. ಸುತ್ತಲಿನ ಲೋಳೆಪೊರೆಯಲ್ಲಿ ಅವು ಬೆರೆತೇ ಹೋಗುತ್ತವೆ.

ಹೊಲದಂಚಿನ ಸವೆದ ಶಾಸನ ಓದುವವರು ಮೊದಲು ಕಲ್ಲನ್ನು ತೊಳೆದು, ಮೇಲೆ ಸುಣ್ಣದ ಪುಡಿ ಉಜ್ಜುತ್ತಾರೆ. ಪುಡಿ ಕೊರೆದ ಗೆರೆಗಳಲ್ಲಿ ಕೂತು ಅಕ್ಷರ ಎದ್ದು ಬರುತ್ತದೆ. ಜಪಾನಿನ ವೈದ್ಯರು ಕರುಳಿನೊಳಗೆ ಮಾಡಿದ್ದೂ ಇದನ್ನೇ. ಇಂಡಿಗೊ ಕಾರ್ಮೈನ್ ಎಂಬ ನೀಲಿ ಬಣ್ಣವನ್ನು ಜೀವಕೋಶಗಳು ಹೀರುವುದಿಲ್ಲ. ಸಿಂಪಡಿಸಿದರೆ ಅದು ತಗ್ಗುಗಳಲ್ಲಿ ನಿಲ್ಲುತ್ತದೆ. ಆಗ ಬೆಳವಣಿಗೆಯ ಅಂಚು ಕಾಣುತ್ತದೆ, ಹಿಗ್ಗಿಸಿ ನೋಡಿದರೆ ಗ್ರಂಥಿಗಳ ಸಣ್ಣ ಬಾಯಿಗಳೂ ಕಾಣುತ್ತವೆ. ಶಿನ್-ಎಯಿ ಕುಡೊ 1990ರ ದಶಕದಲ್ಲಿ ಆ ಬಾಯಿಗಳನ್ನೇ ವರ್ಗೀಕರಿಸಿದರು. ದುಂಡಗಿದ್ದರೆ ಸಹಜ, ನಕ್ಷತ್ರದಾಕಾರವಾದರೆ ಬಹುಮಟ್ಟಿಗೆ ನಿರಪಾಯ, ಕೊಳವೆಯ ಹಾಗೆ ಉದ್ದವಾಗಿದ್ದರೆ ಅಡಿನೋಮಾ, ಕ್ರಮಗೆಟ್ಟಿದ್ದರೆ ಕ್ಯಾನ್ಸರಿನ ಶಂಕೆ. ಲಿಪಿಯ ವರಸೆ ನೋಡಿ ಶಾಸನದ ಶತಮಾನ ಹೇಳುವಂಥ ವಿದ್ಯೆ ಇದು. ಕತ್ತರಿಸುವ ಮೊದಲೇ ಗಂಟಿನ ಸ್ವಭಾವ ತಿಳಿಯುತ್ತದೆ. ನನಗಂತೂ ಈ ಕ್ಷೇತ್ರದ ಅತ್ಯಂತ ಸುಂದರ ಕೆಲಸ ಇದೇ.

ಎನ್‌ಬಿಐಯಲ್ಲಿ ಬಣ್ಣವೇ ಬೇಡ. ಒಲಿಂಪಸ್ ಕಂಪನಿಯ ಕಝುಹಿರೊ ಗೊನೊ ಮತ್ತು ಜಪಾನಿನ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದ ವೈದ್ಯರು ಬಿಳಿ ಬೆಳಕನ್ನು ಸೋಸಿ, 415 ಮತ್ತು 540 ನ್ಯಾನೋಮೀಟರ್ ಸುತ್ತಲಿನ ಎರಡು ಪಟ್ಟಿಗಳನ್ನಷ್ಟೇ ಉಳಿಸಿಕೊಂಡರು. ಎರಡನ್ನೂ ಹಿಮೊಗ್ಲೋಬಿನ್ ಚೆನ್ನಾಗಿ ಹೀರುತ್ತದೆ. ನೀಲಿ ಬೆಳಕು ಆಳಕ್ಕಿಳಿಯದ್ದರಿಂದ ಮೇಲ್ಪದರದ ರಕ್ತನಾಳಗಳು ಕಂದಾಗಿ ತೋರುತ್ತವೆ. ಅಡಿನೋಮಾದಲ್ಲಿ ಅವು ದಟ್ಟವಾಗಿರುವುದರಿಂದ ಇಡೀ ಜಾಗವೇ ಕಂದು ಕಾಣುತ್ತದೆ.

ಜಾಹೀರಾತು ಇಷ್ಟಕ್ಕೇ ಮುಗಿಯುತ್ತದೆ. ಆದರೆ ಎನ್‌ಬಿಐನ ಆರಂಭದ ಉಪಕರಣಗಳು, ಹಲವು ಪ್ರಯೋಗಗಳಲ್ಲಿ, ಒಳ್ಳೆಯ ಬಿಳಿ ಬೆಳಕಿಗಿಂತ ಹೆಚ್ಚು ಅಡಿನೋಮಾಗಳನ್ನೇನೂ ಹುಡುಕಿಕೊಡಲಿಲ್ಲ. ಕಂಡ ಗಂಟು ಎಂಥದ್ದೆಂದು ಹೇಳುವುದರಲ್ಲಿದೆ ಅದರ ನಿಜವಾದ ಬಲ. ಹಾಗಾಗಿ ಆಸ್ಪತ್ರೆಯಲ್ಲಿ ದೀಪದ ಹೆಸರಿಗಿಂತ ಮೊದಲು ವೈದ್ಯರ ಅಡಿನೋಮಾ ಪತ್ತೆ ಪ್ರಮಾಣ (ಪರೀಕ್ಷಿಸಿದವರಲ್ಲಿ ಎಷ್ಟು ಪಾಲು ಜನರಲ್ಲಿ ಅಡಿನೋಮಾ ಕಂಡರು ಎಂಬುದು) ಎಷ್ಟೆಂದು ಕೇಳಿ. ಹಿಂದಿನ ರಾತ್ರಿ ಕೊಡುವ ಭೇದಿ ಔಷಧಿಯನ್ನು ಹೇಳಿದಷ್ಟೂ ಕುಡಿಯಿರಿ, ಮಲ ಅಂಟಿದ ಗೋಡೆಯಲ್ಲಿ ಯಾವ ಬೆಳಕಿಗೂ ಏನೂ ಕಾಣದು. ವೈದ್ಯರು ನೋಡಲು ಕೊಡುವ ಸಮಯವೂ ಮುಖ್ಯ. ಅಮೆರಿಕದ ಇಲಿನಾಯ್‌ನ ರಾಕ್‌ಫರ್ಡ್‌ನಲ್ಲಿ 12 ತಜ್ಞರ ಕೆಲಸವನ್ನು ಅಳೆದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಕೊಳವೆಯನ್ನು ಹಿಂದಕ್ಕೆಳೆಯುತ್ತ ನೋಡಲು ಸರಾಸರಿ 6 ನಿಮಿಷ ಇಲ್ಲವೇ ಹೆಚ್ಚು ತೆಗೆದುಕೊಂಡವರು ಶೇ 28.3 ರೋಗಿಗಳಲ್ಲಿ ಬೆಳವಣಿಗೆ ಕಂಡರು. ಅವಸರ ಮಾಡಿದವರು ಶೇ 11.8ರಲ್ಲಿ ಮಾತ್ರ.